ಆಲೆ ಮರದೊಳಗಿನ ಬೂದು ಚಿಟ್ಟೆ

ಕೈಗೆ ತನ್ನದೇ ಆದ ನೆನಪು ಇರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಪ್ರಾಣಿಶಾಸ್ತ್ರ ಓದಿ, ರಾಮನಗರದ ಒಂದು ನರ್ಸಿಂಗ್ ಶಾಲೆಯಲ್ಲಿ ಅಂಗರಚನೆ ಪಾಠ ಹೇಳುತ್ತಿದ್ದವಳು ನಾನು. ಕೈಯಲ್ಲಿ ಮೂಳೆ, ಸ್ನಾಯು, ನರ ಇವೆ. ನೆನಪು ಇರುವುದು ತಲೆಯಲ್ಲಿ. ಇಷ್ಟು ಗೊತ್ತಿದ್ದರೆ ಸಾಕು ಎಂದುಕೊಂಡಿದ್ದೆ. ಈಗ ಬರೆಯುತ್ತಿರುವ ಸಂಗತಿ ನಡೆದು ಹದಿನೈದು ವರ್ಷಕ್ಕೂ ಹೆಚ್ಚಾಯಿತು. ಇದನ್ನು ನಂಬಿ ಎಂದು ಯಾರನ್ನೂ ಕೇಳುವುದಿಲ್ಲ, ನಾನೇ ಪೂರ್ತಿ ನಂಬಿಲ್ಲ. ಅಂದು ರಾತ್ರಿ ಡೈರಿಯಲ್ಲಿ ಬರೆದುಕೊಂಡದ್ದು ಒಂದಿದೆ, ನನ್ನ ತಲೆಯಲ್ಲಿ ಉಳಿದದ್ದು ಸ್ವಲ್ಪ ಬೇರೆ ಇದೆ. ಎರಡನ್ನೂ ಹೇಳಿಬಿಡುತ್ತೇನೆ.

ಶುರುವಾದದ್ದು ತರಗತಿಯಲ್ಲಿ. ಮಿದುಳು ಮತ್ತು ಬೆನ್ನುಹುರಿಯ ಪಾಠ. ಎರಡೂ ಎರಡೇ ಬಗೆಯ ಅಂಗಾಂಶದಿಂದ ಆದವು. ನರಕೋಶಗಳ ಒಡಲು ಗುಂಪಾಗಿರುವ ಕಡೆ ಬಣ್ಣ ಬೂದು. ಆ ಕೋಶಗಳಿಂದ ಹೊರಟ ಉದ್ದನೆಯ ತಂತುಗಳು ಕಟ್ಟುಕಟ್ಟಾಗಿ ಸಾಗುವ ಕಡೆ, ಅವುಗಳ ಮೇಲಿರುವ ಕೊಬ್ಬಿನ ಹೊದಿಕೆಯಿಂದಾಗಿ, ಬಣ್ಣ ಬಿಳಿ. ವಿಚಿತ್ರವೆಂದರೆ ಮಿದುಳಿನಲ್ಲಿ ಬೂದು ಹೊರಗೆ ಸಿಪ್ಪೆಯಂತೆ ಇರುತ್ತದೆ, ಬಿಳಿ ಒಳಗೆ. ಬೆನ್ನುಹುರಿಯಲ್ಲಿ ಇದು ತಿರುವುಮುರುವು: ಬಿಳಿ ಹೊರಗೆ, ಬೂದು ಒಳಗೆ. ಬೆನ್ನುಹುರಿಯನ್ನು ಸೌತೆಕಾಯಿಯಂತೆ ಅಡ್ಡಕ್ಕೆ ಕೊಯ್ದರೆ ನಡುವೆ ರೆಕ್ಕೆ ಬಿಚ್ಚಿದ ಒಂದು ಬೂದು ಚಿಟ್ಟೆ ಕಾಣುತ್ತದೆ. ಕೋಡಿಹಳ್ಳಿ ಕಡೆಯ ಹುಡುಗಿ ರತ್ನ ಎದ್ದು ನಿಂತು ಕೇಳಿದಳು: "ಮೇಡಂ, ಮೇಲೆ ಬೂದು ಆಚೆಗೈತೆ, ಕೆಳಗೆ ಒಳಗೈತೆ. ಹಂಗಾದ್ರೆ ಕತ್ತತ್ರ ಎಲ್ಲೋ ಒಂದ್ಕಡೆ ಒಳಗಿಂದು ಆಚೆಗೆ ಬರ್ಲೇಬೇಕಲ್ವಾ?"

ಒಳ್ಳೆಯ ಪ್ರಶ್ನೆ. ಅಲ್ಲಿ ತಂತುಗಳು ಬೂದು ಭಾಗದ ನಡುವೆ ನುಗ್ಗಿ ಅದನ್ನು ತುಂಡು ತುಂಡು ಮಾಡುತ್ತವೆ ಎಂದು ಪುಸ್ತಕದಲ್ಲಿದ್ದುದನ್ನು ಹೇಳಿದೆ. ಅವಳ ಮುಖದಲ್ಲಿ ಅರ್ಥವಾದ ಲಕ್ಷಣ ಕಾಣಲಿಲ್ಲ. ಶಾಲೆಯಲ್ಲಿದ್ದ ಪ್ಲಾಸ್ಟಿಕ್ ಮಾದರಿಯ ಬಣ್ಣ ಎಂದೋ ಮಾಸಿತ್ತು. ಏಳೆಂಟೇ ಮೈಲಿ ಆಚೆ ಮರದ ಗೊಂಬೆಗಳ ಊರು ಚನ್ನಪಟ್ಟಣ ಇರುವಾಗ ಮರದಲ್ಲೇ ಒಂದು ಮಾದರಿ ಮಾಡಿಸಬಾರದೇಕೆ ಅನ್ನಿಸಿತು.

ಮುಂದಿನ ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದೆ. ಹೆದ್ದಾರಿ ಅಗಲ ಮಾಡುತ್ತಿದ್ದ ದಿನಗಳವು. ಕೆಂಗಲ್ ದಾಟುವವರೆಗೂ ಬಸ್ಸು ಎತ್ತಿ ಹಾಕುತ್ತಿತ್ತು. ಆ ಕುಲುಕಾಟದಲ್ಲೇ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬೆನ್ನುಹುರಿಯ ಅಡ್ಡಕೊಯ್ತದ ಚಿತ್ರ ಬರೆದೆ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಆ ಚಿತ್ರದಲ್ಲಿ ನಾನೊಂದು ತಪ್ಪು ಮಾಡಿದ್ದೆ. ನನಗೆ ಅದು ಗೊತ್ತಾದದ್ದು ಮೂರು ವಾರದ ಮೇಲೆ.

ಊರಿನಲ್ಲಿ ವಿಚಾರಿಸಿದಾಗ ಜನ ತೋರಿಸಿಕೊಟ್ಟ ಮನೆ ಇಲಿಯಾಸ್ ಸಾಹೇಬರದು. ಮುಂದಿನ ಕೋಣೆಯಲ್ಲಿ ಮರ ತಿರುಗಿಸುವ ಮೋಟಾರಿನ ಲೇತು, ಗೋಡೆಗೆ ಒರಗಿಸಿದ, ಗೊಂಬೆಗೆ ಬಳಸುವ ಆಲೆ ಮರದ ಬಿಳಿ ತುಂಡುಗಳು, ಬಣ್ಣದ ಅರಗಿನ ಕಡ್ಡಿಗಳು. ಸಾಹೇಬರು ಅರವತ್ತು ದಾಟಿದವರು, ಲೇತಿನ ಮುಂದೆ ಕೂತು ಮಗುವಿನ ಗಿಲಕಿಯೊಂದಕ್ಕೆ ತಾಳೆಗರಿ ಹಿಡಿದು ಹೊಳಪು ಕೊಡುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿ, "ಯಾರಮ್ಮ ನೀವು? ಮಗೀಗೆ ಗಿಲಕಿ ಬೇಕಿತ್ತಾ?" ಎಂದು ಕೇಳಿದರು. ನನಗೆ ಮಗುವಿಲ್ಲ. ಬೇಡ ಎಂದರೂ ಕೇಳದೆ ಹೊಳಪು ಕೊಟ್ಟು ಮುಗಿಸಿದ ಗಿಲಕಿಯನ್ನೇ ನನ್ನ ಕೈಗಿಟ್ಟರು. ಬಿಸಿ ಇನ್ನೂ ಆರಿರಲಿಲ್ಲ.

ಮಗಳು ಶಬಾನಾ ಒಳಗಿನಿಂದ ಬಂದಳು. ಮಾತಾಡಬೇಕಾದದ್ದು ಅವಳೊಡನೆ ಎಂದು ಐದು ನಿಮಿಷದಲ್ಲಿ ತಿಳಿಯಿತು. ಎರಡು ವರ್ಷದ ಹಿಂದೆ ಸಾಹೇಬರಿಗೆ ಜ್ವರ ಬಂದು ಮಿದುಳಿಗೆ ಏರಿತ್ತಂತೆ. ಜೀವ ಉಳಿಯಿತು, ಹೊಸ ನೆನಪು ಮಾತ್ರ ನಿಲ್ಲದಾಯಿತು. ಹಳೆಯದೆಲ್ಲ ಇದೆ: ಮಗಳು, ಮಗ, ತೀರಿಹೋದ ಹೆಂಡತಿ, ಕಸುಬು. ಕಾಯಿಲೆಯ ನಂತರದ ಯಾವುದೂ ಕಾಲು ಗಂಟೆಗಿಂತ ಹೆಚ್ಚು ಉಳಿಯುವುದಿಲ್ಲ. ಊಟ ಮಾಡಿದ್ದು ಮರೆತು ಮತ್ತೆ ತಟ್ಟೆ ಕೇಳುತ್ತಾರೆ. ಆ ಮರೆವನ್ನು ನಾನು ಅಂದೇ ಕಣ್ಣಾರೆ ಕಂಡೆ. ಶಬಾನಾಳಿಗೆ ಚಿತ್ರ ತೋರಿಸಿ, "ನಡುವೆ ಇರುವ ಈ ಚಿಟ್ಟೆ ಬೂದು, ಸುತ್ತ ಬಿಳಿ" ಎಂದು ವಿವರಿಸುವಾಗ ಅವರು ಪಕ್ಕದಲ್ಲೇ ಕುತೂಹಲದಿಂದ ಬಗ್ಗಿ ನೋಡುತ್ತಿದ್ದರು. ಹೊರಡುವ ಹೊತ್ತಿಗೆ, ಅವರೇ ಕೊಟ್ಟ ಗಿಲಕಿ ನನ್ನ ಕೈಯಲ್ಲಿರುವಾಗಲೇ, ಮತ್ತೆ, "ಯಾರಮ್ಮ ನೀವು? ಮಗೀಗೆ ಗಿಲಕಿ ಬೇಕಿತ್ತಾ?" ಎಂದರು. ಶಬಾನಾ ನನ್ನ ಹಾಳೆಯನ್ನು ಲೇತಿನ ಮೇಲಿನ ಗೋಡೆಗೆ ಮೊಳೆ ಹೊಡೆದು ಹಚ್ಚಿದಳು. ಮಿದುಳು, ಬೆನ್ನುಹುರಿ ಎರಡನ್ನೂ ತಾನೇ ಮಾಡಿಕೊಡುವುದಾಗಿ ಹೇಳಿದಳು. ಅಪ್ಪನಿಗೆ ಗಿಲಕಿ ಬಿಟ್ಟು ಬೇರೆ ಏನನ್ನೂ ಅವಳು ಕೊಡುತ್ತಿರಲಿಲ್ಲ.

ಹತ್ತು ದಿನ ಬಿಟ್ಟು ಹೋದೆ. ಗಿಲಕಿಯ ಪ್ರಶ್ನೆ ಮತ್ತೆ, ಇನ್ನೊಂದು ಗಿಲಕಿ ಮತ್ತೆ. ಮಿದುಳು ಸೊಗಸಾಗಿ ಬಂದಿತ್ತು: ಎರಡು ಹೋಳಾಗಿ ತೆರೆಯುವ ಡಬ್ಬಿ, ಹೊರಗೆ ಬೂದು ಅರಗು, ಒಳಗೆ ಆಲೆ ಮರದ ಹಾಲಿನಂಥ ಬಿಳಿ. ಬೆನ್ನುಹುರಿಯೂ ಹಾಗೇ ಬಂದಿತ್ತು. ಮೇಲೆಲ್ಲ ಬೂದು, ಒಳಗೆ ಬಿಳಿ! ನಾನು ತಪ್ಪು ತೋರಿಸಿದಾಗ ಶಬಾನಾ ನಕ್ಕುಬಿಟ್ಟಳು.

"ಬಣ್ಣ ಒಳಗಿಟ್ರೆ ಯಾರ್ ನೋಡ್ತಾರೆ ಮೇಡಂ? ನಮ್ ಕಸುಬಲ್ಲಿ ಮರ ಒಳಗೆ, ಬಣ್ಣ ಮ್ಯಾಲೆ. ನೀವು ಹೇಳೋದು ಮೆಹಂದಿ ಹಚ್ಚಿ ಕೈಗೆ ಬಟ್ಟೆ ಸುತ್ಕೊಂಡಂಗೈತೆ."

ಚಿತ್ರ ಎದುರಿಗೇ ಇದ್ದರೂ ಅವಳ ಕೈ ತಲೆಮಾರುಗಳ ಅಭ್ಯಾಸವನ್ನೇ ಹಿಡಿದಿತ್ತು. ತೊಡಕು ಇನ್ನೊಂದಿತ್ತು. ಲೇತಿಗೆ ಗೊತ್ತಿರುವುದು ದುಂಡು ಒಂದೇ. ತಿರುಗುವ ಮರಕ್ಕೆ ಉಳಿ ಹಿಡಿದರೆ ಬುಗುರಿ ಬರುತ್ತದೆ, ಬಳೆ ಬರುತ್ತದೆ, ಚಿಟ್ಟೆ ಬರುವುದಿಲ್ಲ. ಅದೂ ಮರದ ಹೊಟ್ಟೆಯೊಳಗೆ. ಹೇಗೆ ಮಾಡುವುದೋ ತನಗೆ ತೋಚುತ್ತಿಲ್ಲ ಎಂದಳು. ಅಬ್ಬಾ ಎಂದು ಅವಳು ಕರೆಯುವ ಅಪ್ಪ ಸರಿಯಿದ್ದಿದ್ದರೆ ಕಣ್ಮುಚ್ಚಿ ಮಾಡುತ್ತಿದ್ದರು ಎಂದೂ ಸೇರಿಸಿದಳು.

ಅಂದು ಅವಳ ಅಣ್ಣ ನಯಾಜ್ ಮನೆಯಲ್ಲಿದ್ದ. ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ, ಮುಖದಲ್ಲಿ ನಿದ್ದೆಗೆಟ್ಟ ಆಯಾಸ. ಅಪ್ಪನ ಹೆಸರು ಬಂದದ್ದೇ ಅವನು ಮಾತಿಗೆ ಬಂದ. ಹಿಂದಿನ ವಾರ ಅಪ್ಪನ ಅಂಗಿಯ ತೋಳು ಮೋಟಾರಿನ ಬೆಲ್ಟಿಗೆ ಸಿಕ್ಕಿತ್ತು. ಶಬಾನಾ ಓಡಿಬಂದು ಸ್ವಿಚ್ಚು ತೆಗೆಯದಿದ್ದರೆ ಕೈ ಹೋಗುತ್ತಿತ್ತು. ಕಾಲು ಗಂಟೆಯಲ್ಲಿ ಅಪ್ಪ ಅದನ್ನೂ ಮರೆತರು, ಹೆದರಿಕೆಯನ್ನೂ ಮರೆತರು. ಕಾರ್ಖಾನೆಯಲ್ಲಿ ಎಚ್ಚರವಿದ್ದವರ ಬೆರಳೇ ಹೋಗುವುದನ್ನು ಕಂಡಿದ್ದ ಅವನು ತೀರ್ಮಾನ ಮಾಡಿಯಾಗಿತ್ತು: ಬರುವ ಭಾನುವಾರದ ನಂತರದ ಭಾನುವಾರ ಲೇತು ಮನೆಯಿಂದ ಹೋಗಬೇಕು.

ಶಬಾನಾ ದನಿ ಏರಿಸಲಿಲ್ಲ. "ಮಿಷನ್ ತಕ್ಕೊಂಡೋದ್ರೆ ಅಬ್ಬಾ ಬೆಳಗ್ಗೆ ಎದ್ದು ಎಲ್ಲಿ ಕೂರ್ಬೇಕು ಭಾಯ್? ಅವ್ರಿಗೆ ಉಳ್ದಿರೋದು ಅದೊಂದೇ ಜಾಗ" ಎಂದಳು. ಸಾಹೇಬರು ನಮ್ಮ ಮೂವರನ್ನೂ ಒಮ್ಮೆ ನೋಡಿ ಇನ್ನೊಂದು ತುಂಡು ಮರವನ್ನು ಲೇತಿಗೆ ಸಿಕ್ಕಿಸಿದರು.

ಮೂರನೆಯ ಸಲ ನಾನು ಹೋದದ್ದು ಆ ಗಡುವಿನ ಹಿಂದಿನ ದಿನ, ಶನಿವಾರ, ಸಂಜೆ ನಾಲ್ಕರ ಸುಮಾರಿಗೆ. ಬೀದಿಯಲ್ಲಿ ಕರೆಂಟು ಹೋಗಿ ಲೇತುಗಳೆಲ್ಲ ನಿಂತಿದ್ದವು. ಆ ಊರಿನ ಆ ಬೀದಿ ಅಷ್ಟು ಮೌನವಾಗಿದ್ದುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇಲಿಯಾಸ್ ಸಾಹೇಬರು ಎಂದಿನ ಜಾಗದಲ್ಲಿ ಕೈಕಟ್ಟಿ ಕೂತಿದ್ದರು. ನನ್ನನ್ನು ನೋಡಿದರು.

"ಬನ್ನಿ ಟೀಚರಮ್ಮ. ನಿಮ್ ಚಿಟ್ಟೆ ತಲೆಕೆಳಗಾಗಿತ್ತು. ಸರಿ ಮಾಡಿವ್ನಿ, ನೋಡ್ಕಳಿ."

ಇಷ್ಟೇ. ದನಿಯಲ್ಲಿ ವಿಶೇಷವೇನೂ ಇರಲಿಲ್ಲ. ಬಟ್ಟೆ ಹೊಲಿಯಲು ಕೊಟ್ಟವರಿಗೆ ದರ್ಜಿ ಹೇಳುವ ಹಾಗೆ ಹೇಳಿದರು. ಆಮೇಲೆ ಮಗ್ಗುಲಲ್ಲಿದ್ದ ಬೆನ್ನುಹುರಿಯ ತುಂಡನ್ನು ಎತ್ತಿ ನನ್ನ ಕೈಗೆ ಕೊಟ್ಟರು.

ಒಂದು ಗೇಣುದ್ದದ ಬಿಳಿ ಕೋಲು. ಎರಡೂ ತುದಿಗಳಲ್ಲಿ ನುಣ್ಣನೆಯ ಬೂದು ಚಿಟ್ಟೆ. ಹೇಗೆ ಮಾಡಿದ್ದಾರೆಂದು ನೋಡಿದ ಕೂಡಲೇ ತಿಳಿಯಿತು, ತಿಳಿದ ಮೇಲೆ ನಗು ಬಂತು. ಕೋಲಿನ ಉದ್ದಕ್ಕೂ ನಾಲ್ಕು ತೂತು ಕೊರೆದಿದ್ದರು, ಎರಡು ದಪ್ಪ, ಎರಡು ಸಪೂರ. ನಾಲ್ಕನ್ನೂ ತೆಳ್ಳನೆಯ ಸೀಳಿನಿಂದ ಕೂಡಿಸಿ, ಬೂದು ಅರಗು ಕರಗಿಸಿ ಹೊಯ್ದು, ತುದಿಗಳನ್ನು ಲೇತಿನಲ್ಲಿ ಸವರಿದ್ದರು. ದುಂಡು ಬಿಟ್ಟು ಬೇರೇನೂ ಅರಿಯದ ಯಂತ್ರದ ಊರಿನಲ್ಲಿ ನಾಲ್ಕು ದುಂಡುಗಳಿಂದಲೇ ಚಿಟ್ಟೆ ಆಗಿತ್ತು.

ಆಮೇಲೆ ಗೋಡೆಯ ಮೇಲಿನ ನನ್ನ ಚಿತ್ರ ನೋಡಿದೆ. ಬೆನ್ನುಹುರಿಯ ಮುಂಭಾಗದಲ್ಲಿ ಹೊರಗಿನಿಂದ ಒಳಕ್ಕೆ ಒಂದು ಆಳವಾದ ಸೀಳು ಇರುತ್ತದೆ. ಚಿಟ್ಟೆಯ ದಪ್ಪ ರೆಕ್ಕೆಗಳು ಆ ಸೀಳಿನ ಕಡೆಗಿರಬೇಕು, ಸಪೂರ ರೆಕ್ಕೆಗಳು ಬೆನ್ನಿನ ಕಡೆಗೆ. ಬಸ್ಸಿನ ಕುಲುಕಾಟದಲ್ಲಿ ನಾನು ಸಪೂರ ರೆಕ್ಕೆಗಳನ್ನು ಸೀಳಿನ ಕಡೆಗೆ ಬರೆದಿದ್ದೆ. ಸುತ್ತಿನ ಗೆರೆ ಸರಿ, ಚಿಟ್ಟೆ ಮಾತ್ರ ತಲೆಕೆಳಗು. ನನ್ನ ಕೈಯಲ್ಲಿದ್ದ ಮರದ ಮೇಲೂ ಆ ಸೀಳು ಇತ್ತು, ದಪ್ಪ ರೆಕ್ಕೆಗಳು ಇರಬೇಕಾದ ಹಾಗೆ ಅದರ ಕಡೆಗೇ ಇದ್ದವು.

ಅಪ್ಪ ಅದನ್ನು ಮಾಡಿದ ದಿನದ ಕಥೆಯನ್ನು ಶಬಾನಾ ಹೇಳಿದಳು. ಎರಡು ದಿನದ ಹಿಂದೆ ಅವಳು ಅಡುಗೆಗೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಅಪ್ಪ ಗಿಲಕಿ ಬದಿಗಿಟ್ಟು ತೂತು ಕೊರೆಯುತ್ತಿದ್ದರು. ಮಾತಾಡಿಸಿದರೆ ಎಳೆ ತುಂಡಾದೀತೆಂದು ಹೆದರಿ ಅವಳು ಸ್ವಿಚ್ಚಿನ ಹತ್ತಿರ ಸುಮ್ಮನೆ ಕೂತಳು. ಕಾಲು ಗಂಟೆ ಆಯಿತು, ಒಂದು ಗಂಟೆ ಆಯಿತು. ನಡುವೆ ಅವರು ನಮಾಜಿಗೆ ಎದ್ದು ಹೋದರು. ಅಲ್ಲಿಗೆ ಮುಗಿಯಿತು ಎಂದುಕೊಂಡಳಂತೆ. ವಾಪಸು ಬಂದು ಕೂತರು, ತೂತುಬಿದ್ದ ಕೋಲನ್ನು ಎತ್ತಿ ತಿರುಗಿಸಿ ನೋಡಿದರು, ಬೂದು ಅರಗಿನ ಕಡ್ಡಿ ತೆಗೆದುಕೊಂಡರು. ಸಂಜೆಗೆ ಮುಗಿಸಿದರು. ಮಾರನೆಯ ದಿನ ಅದನ್ನು ತೋರಿಸಿ ಕೇಳಿದರೆ, ಚೆನ್ನಾಗಿದೆ, ಯಾರು ಮಾಡಿದ್ದು ಎಂದರಂತೆ.

ಪ್ರತಿ ಕಾಲು ಗಂಟೆಗೆ ಎಲ್ಲವೂ ಅಳಿಸಿಹೋಗುವ ಮನುಷ್ಯ ಒಂದು ಹಗಲಿನ ಕೆಲಸ ಹೇಗೆ ಮಾಡಿದರು? ಇದಕ್ಕೆ ನನ್ನ ಹತ್ತಿರ ಅರ್ಧ ಉತ್ತರ ಇದೆ. ಕಸುಬಿನ ಚಳಕ ಮಿದುಳಿನಲ್ಲಿ ಉಳಿಯುವ ಜಾಗ ಬೇರೆ, ನಡೆದ ಸಂಗತಿ ಉಳಿಯುವ ಜಾಗ ಬೇರೆ. ಜ್ವರ ಒಂದನ್ನು ತಿಂದು ಇನ್ನೊಂದನ್ನು ಬಿಡಬಹುದು. ಅರ್ಧ ಮುಗಿದ ಮರವೇ ಮುಂದಿನ ಕೆಲಸವನ್ನು ಅವರಿಗೆ ಹೇಳಿರಬೇಕು. ಚಿಟ್ಟೆಯ ದಿಕ್ಕಿಗೂ ಒಂದು ವಿವರಣೆ ಸಿಕ್ಕಿತು. ಹುಡುಗನಾಗಿದ್ದಾಗ ಸಾಹೇಬರು ಸೋದರಮಾವನ ಮಟನ್ ಅಂಗಡಿಯಲ್ಲಿ ಕೂರುತ್ತಿದ್ದರು ಎಂದು ನಯಾಜ್ ಆಮೇಲೆ ಹೇಳಿದ. ಕುರಿಯ ಕತ್ತಿನ ಮೂಳೆ ಕಡಿದಾಗ ಒಳಗಿನ ಹುರಿ ಕಾಣುತ್ತದೆ. ಕಣ್ಣು ಚುರುಕಿದ್ದವರಿಗೆ ಆ ಬೂದು ಗುರುತೂ ಕಾಣಬಹುದು. ಅದು ಹಳೆಯ ನೆನಪು, ಉಳಿದಿರಬಹುದು.

ಆದರೆ "ಟೀಚರಮ್ಮ"? "ನಿಮ್ ಚಿಟ್ಟೆ"? ಅದು ನನ್ನದು ಎಂದು, ನಾನು ಪಾಠ ಹೇಳುವವಳು ಎಂದು ಅವರಿಗೆ ಹೇಗೆ ಗೊತ್ತಾಯಿತು? ಹತ್ತು ದಿನದ ಹಿಂದೆ ಕೇಳಿದ್ದು ಅವರಲ್ಲಿ ಹತ್ತು ನಿಮಿಷವೂ ನಿಲ್ಲಲಾರದು. ಅಂದು ನಾನು ಬರುತ್ತೇನೆಂದು ಶಬಾನಾಳಿಗೂ ತಿಳಿಸಿರಲಿಲ್ಲ. ಅವಳು ಆಣೆ ಮಾಡಿ ಹೇಳಿದಳು, ನನ್ನ ವಿಷಯ ಮನೆಯಲ್ಲಿ ಅಂದು ಯಾರೂ ಎತ್ತಿರಲಿಲ್ಲ. ಚಿತ್ರದಲ್ಲಿ ತಪ್ಪಿದೆಯೆಂಬುದು ಅವಳಿಗೂ ಗೊತ್ತಿರಲಿಲ್ಲ, ನನಗೇ ಗೊತ್ತಿರಲಿಲ್ಲ.

ಇಲ್ಲಿ ನನ್ನ ಡೈರಿಯ ಮಾತು ಬರುತ್ತದೆ. ಈಗ ಕಣ್ಣುಮುಚ್ಚಿದರೆ ನನಗೆ ಕಾಣುವುದು ಹೀಗೆ: ಅವರು ಆ ಮಾತು ಹೇಳುವಾಗ ನನ್ನ ಕೈಯಲ್ಲಿ ಚಹಾದ ಲೋಟ ಇದೆ, ಅದು ಅರ್ಧ ಖಾಲಿಯಾಗಿದೆ. ಅಂದರೆ ನಾನು ಆಗಲೇ ಸ್ವಲ್ಪ ಹೊತ್ತು ಕೂತಿದ್ದೇನೆ, ಶಬಾನಾ ಮೇಡಂ ಮೇಡಂ ಎಂದು ಮಾತಾಡಿಸಿದ್ದಾಳೆ, ಸಾಹೇಬರು ಅದನ್ನು ಕೇಳಿಸಿಕೊಂಡು ಆಡಿದ್ದಾರೆ. ಹಾಗಿದ್ದರೆ ವಿಚಿತ್ರವೇನೂ ಇಲ್ಲ. ಆದರೆ ಅಂದು ರಾತ್ರಿ ಬರೆದ ಡೈರಿಯಲ್ಲಿ ಬೇರೆ ಇದೆ: "ಹೊಸ್ತಿಲು ದಾಟುವಾಗಲೇ ಅಂದರು. ಚಪ್ಪಲಿ ಬಿಡುತ್ತಿದ್ದೆ." ನಾಲ್ಕು ತಾಸು ಹಿಂದೆ ನಡೆದದ್ದನ್ನು ಬರೆದ ಕೈಯನ್ನು ನಂಬಲೋ, ಹದಿನೈದು ವರ್ಷದ ಮೇಲೆ ಲೋಟವೊಂದನ್ನು ತಂದಿಡುತ್ತಿರುವ ತಲೆಯನ್ನು ನಂಬಲೋ? ನ್ಯಾಯವಾಗಿ ಡೈರಿಯನ್ನೇ ನಂಬಬೇಕು. ಸುಲಭದ ವಿವರಣೆ ಬೇಕಾಗಿಯೇ ನನ್ನ ನೆನಪು ಆ ಲೋಟವನ್ನು ಹುಟ್ಟಿಸಿತೇನೋ ಎಂಬ ಅನುಮಾನ ನನಗಿದೆ.

ಐದು ಗಂಟೆಯ ಹೊತ್ತಿಗೆ ನಯಾಜ್ ಬಂದ. ತಂಗಿ ಅವನಿಗೆ ಎಲ್ಲ ಹೇಳಿದಳು. ಅವನು ಕೋಲನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಮೇಡಂ, ನೀವು ಓದ್ದೋರು. ಮಿದ್ಳು ಪಾಠ ಮಾಡೋರು. ಅಬ್ಬಾಗೆ ನೆನಪು ವಾಪಸ್ ಬತ್ತದಾ? ಬತ್ತದೆ ಅನ್ನಿ, ಮಿಷನ್ ಮುಟ್ಟಕಿಲ್ಲ. ಇಲ್ಲ ಅಂದ್ರೆ ನಾಳೆ ಬೆಳಗ್ಗೆ ಗಾಡಿ ಬತ್ತೈತೆ."

ಶಬಾನಾ ನನ್ನ ಮುಖ ನೋಡುತ್ತಿದ್ದಳು. ನಾನು ಒಂದು ಹೌದು ಅಂದರೆ ಸಾಕಿತ್ತು, ಅವಳಿಗೆ ಬೇಕಾದದ್ದು ಆಗುತ್ತಿತ್ತು. ಆದರೆ ಮುಂದೊಂದು ದಿನ ಬೆಲ್ಟಿಗೆ ಕೈ ಸಿಕ್ಕರೆ ಆ ಹೌದು ನನ್ನದಾಗಿರುತ್ತದೆ. ಇಲ್ಲ ಎನ್ನಲೂ ಆಗಲಿಲ್ಲ, ಅವರು ಟೀಚರಮ್ಮ ಎಂದದ್ದನ್ನು ಕಿವಿಯಾರೆ ಕೇಳಿದ್ದೆನಲ್ಲ. ಕೊನೆಗೆ ಹೇಳಿದೆ: ನೆನಪು ಬರುತ್ತದೋ ಇಲ್ಲವೋ ನನಗೆ ತಿಳಿಯದು, ಬರುವುದಿಲ್ಲ ಎನ್ನುವುದೇ ಪುಸ್ತಕದ ಮಾತು, ಇವತ್ತು ಮಾತ್ರ ಅವರು ನನ್ನನ್ನು ಗುರುತಿಸಿದರು, ನನ್ನ ತಪ್ಪು ತಿದ್ದಿದರು, ಅದು ಹೇಗಾಯಿತೆಂದು ನನಗೆ ಗೊತ್ತಿಲ್ಲ.

"ಗೊತ್ತಿಲ್ಲ ಅನ್ನೋಕೆ ಇಷ್ಟ್ ಓದ್ಬೇಕಾ ಮೇಡಂ?" ಎಂದ ನಯಾಜ್. ಕುಹಕವಿರಲಿಲ್ಲ, ದಣಿದಿದ್ದ.

ಅಷ್ಟರಲ್ಲಿ ಸಾಹೇಬರು ಲೇತಿನ ಮುಂದೆ ಬಗ್ಗಿ, ಕರೆಂಟಿಲ್ಲದ್ದಕ್ಕೆ ಬೇಸರಪಡದೆ, ಸಿಕ್ಕಿಸಿದ್ದ ಮರವನ್ನು ಎಡಗೈಯಲ್ಲಿ ಹಿಂದಕ್ಕೂ ಮುಂದಕ್ಕೂ ಹೊರಳಿಸುತ್ತ ಬಲಗೈಯಲ್ಲಿ ಉಳಿ ಹಿಡಿದಿದ್ದರು. ಕೈ ನಿಂತಾಗ ಮರ ನಿಲ್ಲುತ್ತಿತ್ತು. ನಯಾಜ್ ಅದನ್ನೇ ನೋಡುತ್ತ ನಿಂತ. ಆಮೇಲೆ ಏಣಿ ತಂದು ಅಟ್ಟ ಹತ್ತಿದ. ಕೆಳಗಿಳಿಸಿದ್ದು ಅವರ ತಾತನ ಕಾಲದ ಕೈಲೇತು: ಬಿಲ್ಲಿನಂಥ ಕೋಲಿಗೆ ಹಗ್ಗ ಕಟ್ಟಿ, ಅದನ್ನು ಒಂದು ಕೈಯಲ್ಲಿ ಎಳೆದಾಡಿ ಮರ ತಿರುಗಿಸುವಂಥದು. ಅದಕ್ಕೆ ಮೋಟಾರಿಲ್ಲ, ಬೆಲ್ಟಿಲ್ಲ. ಮರೆತು ಕೈಬಿಟ್ಟರೆ ತಾನೂ ನಿಲ್ಲುತ್ತದೆ. ಮಾರನೆಯ ದಿನ ಮೋಟಾರಿನ ಲೇತು ಹೋಯಿತು, ಅದರ ಜಾಗದಲ್ಲಿ ಇದು ಕೂತಿತು. ಸಾಹೇಬರು ಕೂತದ್ದು ಅದೇ ಚಾಪೆಯ ಮೇಲೆ, ಅದೇ ಕಿಟಕಿಯ ಪಕ್ಕ. ಯಂತ್ರ ಬದಲಾದದ್ದನ್ನು ಅವರು ಗಮನಿಸಿದಂತೆಯೇ ಕಾಣಲಿಲ್ಲ ಎಂದು ಶಬಾನಾ ನಂತರ ಹೇಳಿದಳು.

ಮಾದರಿಯನ್ನು ತರಗತಿಗೆ ಒಯ್ದೆ. ರತ್ನ ಮಿದುಳಿನ ಡಬ್ಬಿಯನ್ನೂ ಬೆನ್ನುಹುರಿಯ ಕೋಲನ್ನೂ ಒಂದಕ್ಕೊಂದು ತಾಗಿಸಿ ಹಿಡಿದು, ಮಧ್ಯದ ತುಂಡನ್ನು ಯಾಕೆ ಮಾಡಿಸಲಿಲ್ಲ ಎಂದು ಕೇಳಿದಳು. ಒಳಗಿನದು ಹೊರಗಾಗುವ ಆ ಜಾಗವನ್ನು ಮಾಡುವುದು ಕಷ್ಟ ಎಂದೆ.

ಆ ಮೇಲಿನ ವರ್ಷಗಳಲ್ಲಿ, ಸಾಹೇಬರು ತೀರಿಕೊಳ್ಳುವವರೆಗೆ, ಐದು ಸಲ ಅವರ ಮನೆಗೆ ಹೋದೆ. ಪರೀಕ್ಷೆ ಮಾಡುವ ಆಸೆ ಇತ್ತೆಂದು ಒಪ್ಪಿಕೊಳ್ಳಬೇಕು. ಒಮ್ಮೆ ಆ ಹಾಳೆಯನ್ನೇ ಅವರ ಮುಂದೆ ಹಿಡಿದೆ. ಆಸಕ್ತಿಯಿಂದ ನೋಡಿದರು, ಏನೂ ಹೇಳಲಿಲ್ಲ. ಪ್ರತಿ ಸಲವೂ ಅದೇ ಪ್ರಶ್ನೆ, "ಯಾರಮ್ಮ ನೀವು?" ಪ್ರತಿ ಸಲವೂ ಕೈಗೊಂದು ಬೆಚ್ಚನೆಯ ಗಿಲಕಿ.

ಆ ಗಿಲಕಿಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಇದನ್ನು ಬರೆಯಲು ಕೂರುವ ಮುನ್ನ ಹೊರಗೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಡೈರಿಯ ಪ್ರಕಾರ ನಾನು ಆ ಮನೆಗೆ ಹೋದದ್ದು ಎಂಟು ಸಲ. ಮೇಜಿನ ಮೇಲೆ ಏಳು ಗಿಲಕಿಗಳಿವೆ. ಗುರುತಿಲ್ಲದವರಿಗೆಲ್ಲ ಗಿಲಕಿ ಕೊಡುತ್ತಿದ್ದವರು ಒಂದು ದಿನ ನನಗೆ ಕೊಡಲಿಲ್ಲ.

ಅಥವಾ ಒಂದನ್ನು ನಾನು ಪಕ್ಕದ ಮನೆಯ ಮಗುವಿಗೆ ಕೊಟ್ಟಿರಬಹುದು. ಕೊಟ್ಟದ್ದು ನೆನಪಿಲ್ಲ. ನೆನಪಿಲ್ಲದ ಮಾತ್ರಕ್ಕೆ ನಡೆದಿಲ್ಲ ಎನ್ನಲಾಗುವುದಿಲ್ಲ. ಒಂದು ಹಗಲೆಲ್ಲ ಕೂತು ಚಿಟ್ಟೆ ಮಾಡಿ, ಮಾರನೆಯ ದಿನ ಅದನ್ನು ಯಾರು ಮಾಡಿದ್ದೆಂದು ಕೇಳಿದವರನ್ನು ನಾನು ನೋಡಿದ್ದೇನೆ.